ಹಣೆ, ಎದೆ, ತೋಳು

ಆ ಭಾನುವಾರವೂ ನಮ್ಮ ಮನೆಯಲ್ಲಿ ಬೆಳಗಾದದ್ದು ಬೇರೆಲ್ಲ ದಿನಗಳ ಹಾಗೆಯೇ. ಅಪ್ಪ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿದರು. ಹೊಗೆ ಹಿತ್ತಲಿಂದ ಸುತ್ತಿ ಅಡುಗೆಮನೆಯ ಕಿಟಕಿಗೆ ಬಂತು. ಅಮ್ಮ ಒಳಗಿನಿಂದಲೇ ಜೋರಾಗಿ ಕೆಮ್ಮಿ ತನ್ನ ಆಕ್ಷೇಪಣೆ ತಿಳಿಸಿದಳು. ಅಜ್ಜಿ ಎಲ್ಲರಿಗಿಂತ ಮುಂಚೆ ಸ್ನಾನ ಮುಗಿಸಿ, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡು ದೇವರ ಕೋಣೆಯಲ್ಲಿ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ಅಲುಗುವ ತುಟಿ. ಪೂಜೆ ಮುಗಿದ ಮೇಲೆ ಅವಳು ಮಾಡುತ್ತಿದ್ದ ಮೊದಲ ಕೆಲಸವೆಂದರೆ ವಿಭೂತಿ ಗಟ್ಟಿ ಇದ್ದ ಪುಟ್ಟ ಹಿತ್ತಾಳೆ ತಟ್ಟೆಯನ್ನು ತಂದು ನಡುಮನೆಯಲ್ಲಿ ನಾವು ಊಟಕ್ಕೆ ಕೂರುವ ಗೋಡೆಯ ಬುಡದಲ್ಲಿ ಇಡುವುದು. ಆ ತಟ್ಟೆ ಬಂತೆಂದರೆ ತಿಂಡಿ ಸಿದ್ಧವಾಯಿತೆಂದೇ ಅರ್ಥ. ಆ ಜಾಗದಲ್ಲಿ ಕೆಂಪು ನೆಲದ ಮೇಲೆ ತಟ್ಟೆಯ ಅಗಲಕ್ಕೆ ಸರಿಯಾಗಿ ಒಂದು ಮಸುಕು ಬಿಳಿ ವೃತ್ತವೇ ಬಿದ್ದುಹೋಗಿತ್ತು. ಅಮ್ಮ ಎಷ್ಟು ಒರೆಸಿದರೂ ಅದು ಹೋಗುತ್ತಿರಲಿಲ್ಲ.

ಬೇರೆಯಾಗಿದ್ದದ್ದು ಒಂದೇ. ಆವತ್ತು ಅಮ್ಮ ನನ್ನನ್ನು ತಿಂಡಿಗೆ ಮುಂಚೆಯೇ ಅಡುಗೆಮನೆಗೆ ಕರೆದು ಬಾಗಿಲನ್ನು ಅರ್ಧ ಮುಚ್ಚಿದಳು. ನೆಲದ ಮೇಲೆ ನನ್ನ ಊಟದ ತಟ್ಟೆ ಇತ್ತು. ಅದರಲ್ಲಿ ಒಂದು ಹಿಡಿ ಕಡ್ಲೆಪುರಿ. ಮೂರು ವರ್ಷದ ತಂಗಿ ಕುಮುದ ಆಗಲೇ ಅದರ ಎದುರು ಕುಕ್ಕರುಗಾಲಲ್ಲಿ ಕೂತು ಬಾಯಿ ಆಡಿಸುತ್ತಿದ್ದಳು.

"ಶಶಿ, ಬಾ ಇಲ್ಲಿ. ಇದು ಊಟ ಅಂದ್ಕೋ. ಎದುರುಗಡೆ ದೊಡ್ಡಪ್ಪ ಕೂತಿದಾರೆ ಅಂದ್ಕೋ."

"ಇದು ಪುರಿ ಅಲ್ವಾಮ್ಮ?"

"ಪುರೀನೇ ಕಣೇ. ಅಂದ್ಕೋ ಅಂದೆ."

ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಬಲಗೈಯ ಮೂರು ಬೆರಳು ಹಣೆಗೆ ಹೋಯಿತು. ಅಲ್ಲಿಂದ ಎದೆಯ ಕಡೆ ಇಳಿಯುತ್ತಿದ್ದ ಹಾಗೆ ಅಮ್ಮ ಮಣಿಕಟ್ಟು ಹಿಡಿದುಬಿಟ್ಟಳು. ಅವಳ ಕೈ ತಣ್ಣಗಿತ್ತು, ಅಕ್ಕಿ ತೊಳೆದು ಬಂದಿದ್ದಳು.

"ಹಣೆಗೆ ಸಾಕು. ಹಣೆಗೆ ಇಟ್ಕೊಂಡು ಕೈ ಕೆಳಗೆ ತಗೋ. ಆಮೇಲೆ ಕೈ ಮುಗಿ. ಅಷ್ಟೇ."

"ಅಜ್ಜಿ ಎದೆಗೂ ತೋಳಿಗೂ ಹಚ್ಕೋ ಅಂತಾರೆ."

"ಇವತ್ತೊಂದು ದಿನ ಬೇಡ."

ಮತ್ತೆ ಮಾಡಿದೆ. ಕೈ ಮತ್ತೆ ಎದೆಗೇ ಹೋಯಿತು. ಅಮ್ಮ ಮತ್ತೆ ಹಿಡಿದಳು. ಹೀಗೆ ಎಷ್ಟು ಸಲ ಮಾಡಿದೆವೋ ತಿಳಿಯದು, ಅಷ್ಟರಲ್ಲಿ ಕುಮುದ ಇಡೀ ತಟ್ಟೆಯ ಪುರಿ ಖಾಲಿ ಮಾಡಿದ್ದಳು. ಸುಳ್ಳು ಊಟಕ್ಕೆ ನಿಜವಾದ ಪ್ರಾರ್ಥನೆ ಮಾಡಿದರೆ ದೇವರು ಬಂದು ಬರಿ ತಟ್ಟೆ ನೋಡಿ ಹೋಗುತ್ತಾನೇನೋ ಎಂಬ ಚಿಂತೆ ನನಗೆ. ಅಮ್ಮನ ಚಿಂತೆ ಬೇರೆ. ಆವತ್ತು ಮಧ್ಯಾಹ್ನದ ಊಟಕ್ಕೆ ಗುಂಡ್ಲುಪೇಟೆಯಿಂದ ದೊಡ್ಡಪ್ಪ ಬರುವವರಿದ್ದರು. ನಾನು ಊಟಕ್ಕೆ ಕೂರುವ ರೀತಿಯನ್ನು ನೋಡುವುದಕ್ಕೇ ಬರುವವರಿದ್ದರು. ನೋಡಿ ಮನಸ್ಸಿಗೆ ಬಾರದಿದ್ದರೆ ನನ್ನನ್ನು ಕಾನ್ವೆಂಟಿನಿಂದ ಬಿಡಿಸಿ ತಮ್ಮ ಊರಿಗೇ ಕರೆದುಕೊಂಡು ಹೋಗಿ, ಅಲ್ಲಿನ ಮಠದ ಶಾಲೆಗೆ ಸೇರಿಸುವುದು ಎಂದು ಆಗಲೇ ಹೇಳಿಯಾಗಿತ್ತು.

ನಮ್ಮದು ಲಿಂಗ ಕಟ್ಟಿಕೊಳ್ಳುವವರ ಮನೆ. ಎಳೆಗೂಸಿಗೇ ಲಿಂಗಧಾರಣೆ ಆಗಿಬಿಡುತ್ತದೆ. ನನ್ನ ಕೊರಳಲ್ಲಿ ನೆಲ್ಲಿಕಾಯಿ ಗಾತ್ರದ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಲಿಂಗ. ಅಕ್ಷರ ಬರುವ ಮುಂಚೆಯೇ, ಸರಿಯಾಗಿ ಅನ್ನ ಕಲಸಿಕೊಳ್ಳಲು ಬರುವ ಮುಂಚೆಯೇ ಅಜ್ಜಿ ನನಗೆ ಊಟದ ಮುಂಚಿನ ಪ್ರಾರ್ಥನೆ ಕಲಿಸಿದ್ದಳು. ಬಲಗೈಯ ನಡುವಿನ ಮೂರು ಬೆರಳನ್ನು ವಿಭೂತಿ ಗಟ್ಟಿಯ ಮೇಲೆ ಉಜ್ಜಬೇಕು. ಹಣೆ, ಎದೆ, ಎಡತೋಳು, ಬಲತೋಳು. ಎಡಗೈಯಲ್ಲಿ ಕರಡಿಗೆ ಹಿಡಿದು ಕಣ್ಣು ಮುಚ್ಚಬೇಕು. "ಕೊಟ್ಟೋನು ನೀನು, ಮೊದಲು ನೀನುಣ್ಣು, ಉಳಿದದ್ದು ನನಗಿರಲಿ" ಎನ್ನಬೇಕು. ಇದು ಯಾವ ಪುಸ್ತಕದ್ದೂ ಅಲ್ಲ, ಅಜ್ಜಿಗೆ ಅವಳ ತವರಿನ ದೊಡ್ಡವರು ಯಾರೋ ಹೇಳಿಕೊಟ್ಟದ್ದು. ಮೊದಲ ತುತ್ತನ್ನು ಕರಡಿಗೆಗೆ ತೋರಿಸಿ ಆಮೇಲೆ ಬಾಯಿಗೆ ಹಾಕಿಕೊಳ್ಳಬೇಕು. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು. ಪ್ರಸಾದವನ್ನು ಒಂದು ಅಗುಳೂ ಚೆಲ್ಲಬಾರದು. ಮರೆತರೆ ಅಜ್ಜಿ ಬೈಯುತ್ತಿರಲಿಲ್ಲ. ಒಂದೇ ಒಂದು ಬೆರಳಿನಿಂದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಕೆಂಪು ನೆಲದ ಮೇಲೆ ತಟ್ಟೆ ಸರಿಯುವ ಆ ಸದ್ದು ಯಾವ ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಈಗ ದಟ್ಟಗಳ್ಳಿಯ ನನ್ನ ಮನೆಯಲ್ಲಿ ಡೈನಿಂಗ್ ಟೇಬಲ್ ಮೇಲೆ ಯಾರಾದರೂ ತಟ್ಟೆ ಸರಿಸಿದರೆ ನನ್ನ ಕೈ ತಾನಾಗಿ ಎದೆಯ ಹತ್ತಿರ ಹೋಗುತ್ತದೆ. ಮೊಮ್ಮಗಳು ನೋಡಿ ನಗುತ್ತಾಳೆ.

ಕಾನ್ವೆಂಟು ನಮ್ಮ ಸಿದ್ಧಾರ್ಥನಗರದ ಮನೆಯಿಂದ ಮಗುವೊಂದು ನಡೆದು ಹೋಗುವಷ್ಟು ದೂರದಲ್ಲಿತ್ತು. ಅಲ್ಲಿ ಮಧ್ಯಾಹ್ನ ಗೇಟಿನ ಹತ್ತಿರದ ದೊಡ್ಡ ಮಳೆಮರದ ಕೆಳಗೆ ನಾವೆಲ್ಲ ಸಾಲಾಗಿ ಕೂತು ಡಬ್ಬಿ ಮುಂದಿಟ್ಟುಕೊಳ್ಳುತ್ತಿದ್ದೆವು. ಮುಚ್ಚಳ ತೆಗೆಯುವ ಹಾಗಿಲ್ಲ. ಸಿಸ್ಟರ್ ಒಮ್ಮೆ ಚಪ್ಪಾಳೆ ತಟ್ಟಿದರೆ ಗಲಾಟೆಯೆಲ್ಲ ನಿಲ್ಲುತ್ತಿತ್ತು. ಅವರ ಬಲಗೈ ಹಣೆಗೆ, ಎದೆಗೆ, ಎಡಭುಜಕ್ಕೆ, ಬಲಭುಜಕ್ಕೆ ಹೋಗುತ್ತಿತ್ತು. ಆಮೇಲೆ ಅರ್ಥವಾಗದ ಇಂಗ್ಲಿಷಿನಲ್ಲಿ ಕೆಲವು ಸಾಲು, ಕೊನೆಗೆ ಎಲ್ಲರೂ ಒಟ್ಟಿಗೆ "ಆಮೆನ್". ಹೀಗೇ ಮಾಡಿ ಎಂದು ಯಾರೂ ನಮ್ಮನ್ನು ಒತ್ತಾಯ ಮಾಡಿದ್ದಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಫಾತಿಮಾ ಎರಡೂ ಅಂಗೈ ಬಿಚ್ಚಿ ಹಿಡಿದು ಆಮೇಲೆ ಮುಖ ಸವರಿಕೊಳ್ಳುತ್ತಿದ್ದಳು, ಸಿಸ್ಟರ್ ಅದನ್ನೂ ನೋಡಿ ಸುಮ್ಮನಿರುತ್ತಿದ್ದರು. ಆದರೆ ನನಗೆ ಯಾರೂ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಮೊದಲ ದಿನವೇ ನನ್ನ ಕೈ ಸಿಸ್ಟರ್ ಕೈ ಜೊತೆಗೇ ಹೋಯಿತು. ಹಣೆ, ಎದೆ, ಎಡ, ಬಲ. ಅಜ್ಜಿಯ ದಾರಿಯೇ ಅದು! ಸಿಸ್ಟರ್ ವಿಭೂತಿ ಮರೆತಿದ್ದಾರೆ ಎಂದಷ್ಟೇ ನಾನು ಅಂದುಕೊಂಡದ್ದು. ಮನೆಯದು ಒಂದು, ಶಾಲೆಯದು ಇನ್ನೊಂದು ಎಂಬುದು ಆ ವಯಸ್ಸಿಗೆ ನನ್ನ ತಲೆಗೆ ಬಂದಿರಲೇ ಇಲ್ಲ. ಇಂದು ಯಾರಾದರೂ ಕೇಳಿದರೆ, ನನ್ನ ಕೈ ಆವತ್ತು ಯಾವುದನ್ನು ಮಾಡುತ್ತಿತ್ತು ಎಂದು ನಾನೂ ಹೇಳಲಾರೆ.

ಹಿಂದಿನ ಭಾನುವಾರ ನಂಜನಗೂಡಿನಲ್ಲಿ ನಮ್ಮ ನೆಂಟರ ಮನೆಯ ಮದುವೆಯಿತ್ತು. ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವಳು ಅಭ್ಯಾಸದಂತೆ ಕೈ ಆಡಿಸಿದ್ದೇನೆ. ಎದುರು ಸಾಲಿನಲ್ಲಿ ಕೂತಿದ್ದ ದೊಡ್ಡಪ್ಪನ ಬೀಗರು ನೋಡಿ, ಶಿಲುಬೆಯ ಗುರುತು ಹಾಕಿಕೊಂಡಳು ಅಂದುಕೊಂಡಿದ್ದಾರೆ. ದೊಡ್ಡಪ್ಪ ಅವರೂರಿನ ಮಠದ ಕೆಲಸಕ್ಕೆಲ್ಲ ಮುಂದೆ ನಿಲ್ಲುವವರು, ಅವರನ್ನು ಪಕ್ಕಕ್ಕೆ ಕರೆದು ಬೀಗರು ಏನು ಹೇಳಿದರೋ. ಬುಧವಾರ ಸಂಜೆ ಪಕ್ಕದ ಮನೆಗೆ ಫೋನ್ ಬಂತು. ಆಗ ನಮ್ಮ ಬೀದಿಯಲ್ಲಿ ಫೋನ್ ಇದ್ದದ್ದು ಪಕ್ಕದ ಸರೋಜಮ್ಮನ ಮನೆಯಲ್ಲಿ ಮಾತ್ರ. ಅವರು ಕಾಂಪೌಂಡಿನಿಂದಲೇ "ಮಾದೇವಪ್ಪೋರೇ, ನಿಮ್ಮಣ್ಣನ ಫೋನು" ಎಂದು ಕೂಗಿದರು. ಅಪ್ಪ ಹೋಗಿ ಬರುವ ತನಕ ಅಮ್ಮ ಗೋಡೆಗೆ ಒರಗಿ ನಿಂತೇ ಇದ್ದಳು. ಅಪ್ಪ ಬಂದವರು ಹೇಳಿದ್ದು ಇಷ್ಟೇ:

"ಅಣ್ಣ ಭಾನುವಾರ ಬರ್ತಾನಂತೆ. ಮಗು ಊಟಕ್ಕೆ ಕೂರೋದನ್ನ ಕಣ್ಣಾರೆ ನೋಡ್ತಾನಂತೆ. ಆಮೇಲೆ ಅವನು ಹೇಳಿದ ಹಾಗೆ."

"ನೀವೇನಂದ್ರಿ?" ಅಮ್ಮ ಕೇಳಿದಳು.

"ಅಣ್ಣನ ಮುಂದೆ ನಾನೇನಂತ ಅನ್ನಲಿ?"

ಅಪ್ಪ ಹತ್ತು ವರ್ಷದವರಿದ್ದಾಗ ತಾತ ತೀರಿಕೊಂಡು, ದೊಡ್ಡಪ್ಪನೇ ಅಂಗಡಿಯಲ್ಲಿ ದುಡಿದು ಅಪ್ಪನನ್ನು ಓದಿಸಿದ್ದರು. ಹಾಗಾಗಿ ಅಣ್ಣ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಇನ್ನೊಂದು ಮಾತಿರಲಿಲ್ಲ. ಅಮ್ಮ ಒಳಗೆ ಹೋಗಿ ಅವರೆಕಾಯಿ ಮೊರವನ್ನು ಮುಂದಿಟ್ಟುಕೊಂಡು ಕೂತಳು. ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇವತ್ತೇನು ಹೇಳ್ಕೊಟ್ರು?" ಎನ್ನುತ್ತಿದ್ದಳು. ನಾನು "ವಿಂಡೋ" ಅಂದರೆ ಕಿಟಕಿ ನೋಡಿ "ವಿಂಡೋ" ಅನ್ನುವಳು. "ಡೋರ್" ಅಂದರೆ ಬಾಗಿಲು ನೋಡಿ "ಡೋರ್". ಏಳನೇ ಕ್ಲಾಸು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅವಳ ಚೀಲವನ್ನು ಅಟ್ಟದ ಮೇಲಿಟ್ಟು, ಇನ್ನು ಸಾಕು ಎಂದಿದ್ದರಂತೆ ಅವಳ ಮನೆಯಲ್ಲಿ. ನನ್ನನ್ನು ಕಾನ್ವೆಂಟಿಗೆ ಸೇರಿಸಲು ಅವಳು ಅಪ್ಪನ ಹಿಂದೆ ಬಿದ್ದು, ಊಟ ಬಿಟ್ಟು, ಅತ್ತು ಗೆದ್ದಿದ್ದಳು. ಆ ಬುಧವಾರ ಮಾತ್ರ ಅವಳು ಏನನ್ನೂ ಕೇಳಲಿಲ್ಲ. ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿದ್ದಳು.

ಅಜ್ಜಿ ಏನೆನ್ನುತ್ತಾಳೋ ಎಂಬುದು ಅಮ್ಮನ ದೊಡ್ಡ ಭಯ. ನನ್ನನ್ನು ಕಾನ್ವೆಂಟಿಗೆ ಸೇರಿಸುವಾಗ ಎಲ್ಲರಿಗಿಂತ ಗಟ್ಟಿಯಾಗಿ ಬೇಡವೆಂದವಳು ಅಜ್ಜಿಯೇ. "ಆಯ್ತು, ಕಳಿಸ್ಕೊಳ್ಳಿ. ಆದ್ರೆ ಆ ಗೇಟು ನಾನು ದಾಟಲ್ಲ" ಎಂದಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೂ ಬಂದಿರಲಿಲ್ಲ. ಫೋನಿನ ವಿಷಯ ಕೇಳಿದ ಮೇಲೆ ಅವಳು ಗುರುವಾರ ಇಡೀ ದಿನ ಬತ್ತಿ ಹೊಸೆಯುತ್ತ ಕೂತಳು. ಶುಕ್ರವಾರ ಹೊತ್ತೇರಿದ ಮೇಲೆ, ಹೊಸ ವಿಭೂತಿ ಗಟ್ಟಿ ತರುತ್ತೇನೆಂದು ಹೊರಟು ಹೋದಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಂಗಾಲು ಕೆಂಪಗೆ ಸುಟ್ಟ ಹಾಗಿತ್ತು. ಅಮ್ಮ ಚೊಂಬಿನಿಂದ ನೀರು ಹಾಕುತ್ತಿದ್ದಳು.

"ಚಪ್ಪಲಿ ಹಾಕ್ಕೊಂಡೇ ಹೋಗಿದ್ರಲ್ಲ ಅತ್ತೆ?"

"ಹೂಂ."

"ವಿಭೂತಿ?"

"ಅಂಗಡಿ ಮುಚ್ಚಿತ್ತು. ನೀರು ಹಾಕು ನೀನು."

ಹೀಗೆ ಭಾನುವಾರ ಬಂತು. ತಿಂಡಿ ಆಯಿತು. ಅಮ್ಮ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು, ಹೂರಣ ರುಬ್ಬಿದಳು, ರುಬ್ಬುತ್ತ ರುಬ್ಬುತ್ತಲೇ ಬಾಗಿಲ ಸಂದಿನಿಂದ ನನ್ನನ್ನು ನೋಡಿ ತನ್ನ ಹಣೆ ಮುಟ್ಟಿ ಕೈಯನ್ನು ತೊಡೆಯ ಮೇಲೆ ಇಟ್ಟು ತೋರಿಸುವಳು. ಹೀಗೆ, ನೆನಪಿದೆಯಾ, ಎನ್ನುವಂತೆ. ಅವಳ ಹಣೆಯ ಮೇಲೆಲ್ಲ ಹೂರಣ. ಹನ್ನೊಂದು ಗಂಟೆಗೆ ಆಟೋ ನಿಂತ ಸದ್ದಾಯಿತು. ದೊಡ್ಡಪ್ಪ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ನಮ್ಮಿಬ್ಬರಿಗೂ ಪೆಪ್ಪರ್‌ಮೆಂಟಿನ ಪೊಟ್ಟಣ. ಯಾವತ್ತಿನ ಹಾಗೆಯೇ ಕುಮುದಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ನನ್ನ ಗಲ್ಲ ಹಿಡಿದು "ಏನವ್ವ, ಓದ್ತಿದೀಯಾ?" ಎಂದರು. ಅವರು ಕೆಟ್ಟವರಾಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವರ ಮನೆಯಲ್ಲಿ ಹಸು ಇತ್ತು, ಉಯ್ಯಾಲೆ ಇತ್ತು, ದೊಡ್ಡಮ್ಮ ನನ್ನನ್ನು ಕಂಡರೆ ಪ್ರಾಣ ಬಿಡುತ್ತಿದ್ದರು. ಆದರೆ ಅಮ್ಮ ಅಲ್ಲಿರುವುದಿಲ್ಲವಲ್ಲ.

ನೀರು ಕುಡಿದು ಚೊಂಬು ಕೆಳಗಿಡುತ್ತ ದೊಡ್ಡಪ್ಪ ಅಪ್ಪನನ್ನು ಕೇಳಿದರು:

"ಏನೋ ಮಾದೇವ, ಬೀಗರು ಸುಳ್ಳು ಹೇಳ್ತಾರಾ?"

"ನಾನು ಆ ಕಡೆ ಪಂಕ್ತೀಲಿದ್ದೆ ಅಣ್ಣ. ನೋಡ್ಲಿಲ್ಲ."

"ದಿನಾ ಮನೇಲಿ ನೋಡ್ತೀಯಲ್ಲ?"

"ಮನೇಲಿ ಅವ್ವ ಕೂರಿಸ್ಕೋತಾಳೆ."

ಅಜ್ಜಿ ಅಲ್ಲೇ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಊಟದ ಹೊತ್ಗೆ ನೋಡೋಣ ಅಂತ ತಾನೇ ಬಂದಿದೀಯ. ಊಟದ ಹೊತ್ತಾಗ್ಲಿ ಬುಡು" ಎಂದಳು.

ದೊಡ್ಡಪ್ಪ ಸ್ನಾನ ಮಾಡಿ, ಪೂಜೆಗೆ ಕೂತು, ಹಣೆ ತುಂಬ ಮೂರು ಗೆರೆ ಎಳೆದುಕೊಂಡು ಬಂದರು. ನಡುಮನೆಯಲ್ಲಿ ಅಮ್ಮ ತಟ್ಟೆ ಹಾಕಿದಳು. ದೊಡ್ಡಪ್ಪನ ತಟ್ಟೆಗೆ ಮಾತ್ರ ಅಡ್ಡಣಿಗೆ, ಎಂದರೆ ತಟ್ಟೆ ಕೂರಿಸುವ ಹಿತ್ತಾಳೆಯ ಮುಕ್ಕಾಲಿ. ಅವರ ಪಕ್ಕ ಅಪ್ಪ. ಎದುರಿಗೆ ಗೋಡೆಯ ಕಡೆ ನಾನು, ನನ್ನ ಪಕ್ಕ ಅಜ್ಜಿ, ಅಜ್ಜಿಯ ತೊಡೆಗೆ ಒತ್ತಿಕೊಂಡು ಕುಮುದ. ಅಮ್ಮ ಕೋಸಂಬರಿ, ಪಲ್ಯ, ಒಬ್ಬಟ್ಟು, ಶಾವಿಗೆ ಪಾಯಸ, ಅನ್ನ, ಅವರೆಕಾಳು ಸಾರು ಎಲ್ಲ ಬಡಿಸಿ, ಸೌಟು ಹಿಡಿದೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬೀದಿಯಲ್ಲಿ ಯಾರದೋ ರೇಡಿಯೋ ಕೇಳುತ್ತಿತ್ತು.

"ದಿನಾ ದೊಡ್ಡೋರು ಹೇಳ್ತೀವಿ. ಇವತ್ತು ನಮ್ಮ ಶಶಿ ಮೊದಲು" ಎಂದರು ದೊಡ್ಡಪ್ಪ. ದನಿ ಮೆತ್ತಗೇ ಇತ್ತು. ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಕಾದರು.

ನಾನು ಅಮ್ಮನನ್ನು ನೋಡಿದೆ. ಅಮ್ಮ ಸೌಟಿಲ್ಲದ ಕೈಯಿಂದ ಹಣೆ ಮುಟ್ಟಿದಳು. ಹಣೆಗೆ ಮಾತ್ರ. ಹಣೆಗೆ ಇಟ್ಟುಕೊಂಡು ಕೈ ಕೆಳಗೆ. ಮನಸ್ಸಿನಲ್ಲಿ ಹೇಳಿಕೊಂಡೆ. ಎಡಗೈಯಲ್ಲಿ ಕರಡಿಗೆ ಹಿಡಿದು ಬಲಗೈಯನ್ನು ಗೋಡೆಯ ಬುಡಕ್ಕೆ ಚಾಚಿದೆ, ದಿನವೂ ಚಾಚುವ ಜಾಗಕ್ಕೆ, ನೋಡುವ ಅಗತ್ಯವೂ ಇಲ್ಲದ ಜಾಗಕ್ಕೆ. ಬೆರಳಿಗೆ ತಣ್ಣನೆಯ ನೆಲ ಸಿಕ್ಕಿತು. ತಿರುಗಿ ನೋಡಿದೆ. ಬಿಳಿ ವೃತ್ತ ಇತ್ತು. ಹಿತ್ತಾಳೆ ತಟ್ಟೆ ಇರಲಿಲ್ಲ, ವಿಭೂತಿ ಇರಲಿಲ್ಲ. ಬೆಳಿಗ್ಗೆ ತಿಂಡಿಗೆ ಇದ್ದದ್ದು ಈಗ ಇಲ್ಲ. ಏನು ಮಾಡಬೇಕೆಂದು ಅಮ್ಮ ಹೇಳಿಕೊಟ್ಟಿರಲಿಲ್ಲ. ಕಡ್ಲೆಪುರಿಯ ಊಟದಲ್ಲಿ ಇದು ಬಂದಿರಲಿಲ್ಲ. ಪಾಯಸದ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿತ್ತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಆಗ ಬೆಳಗಿನಿಂದ ಕಲಿತದ್ದೆಲ್ಲ ಮರೆತುಹೋಗಿ, ಗೊತ್ತಿದ್ದದ್ದು ಮಾತ್ರ ಉಳಿಯಿತು. ಬರಿಯ ಬೆರಳು ಹಣೆಗೆ ಹೋಯಿತು. ಅಲ್ಲಿಂದ ಎದೆಗೆ. ಎಡಕ್ಕೆ. ಬಲಕ್ಕೆ.

ಅಮ್ಮನ ಸೌಟು ಬಾಗಿಲ ಚೌಕಟ್ಟಿಗೆ ತಗುಲಿ ಠಣ್ ಎಂದಿತು.

ದೊಡ್ಡಪ್ಪ ಕಣ್ಣು ಕೆಳಗೆ ಹಾಕಿದರು. ಸಿಟ್ಟು ಮಾಡಲಿಲ್ಲ. ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಅವರ ಮುಖದಲ್ಲಿ ಇದ್ದದ್ದು ದುಃಖ.

"ನೋಡಿದ್ಯಾ ಮಾದೇವ" ಎಂದರು.

ನನ್ನ ಪಕ್ಕದಲ್ಲಿ ಸೀರೆ ಸರಿದ ಸದ್ದಾಯಿತು. ಅಜ್ಜಿ ಬೆರಳು ಚಾಚಿ ನನ್ನ ತಟ್ಟೆ ಎಳೆದುಕೊಳ್ಳುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ತಟ್ಟೆ ಸರಿಯಲಿಲ್ಲ.

"ಏನ್ ನೋಡೋದು ಅದ್ರಲ್ಲಿ?" ಅಜ್ಜಿ ಕೇಳಿದಳು.

"ಅವ್ವ, ನಿನ್ನ ಕಣ್ಮುಂದೇನೇ..."

"ನನ್ನ ಕಣ್ಮುಂದೇನೇ. ಹಣೆ, ಎದೆ, ತೋಳು. ನಾನು ಹೇಳ್ಕೊಟ್ಟಿದ್ದೇ ಅದು. ನಿನಗೂ ಹಂಗೇ ಹೇಳ್ಕೊಟ್ಟೆ, ಇವನಿಗೂ ಹಂಗೇ ಹೇಳ್ಕೊಟ್ಟೆ. ವಿಭೂತಿ ತಟ್ಟೆ ಇಡೋದು ನಾನು ಮರ್ತೆ. ಮಗು ಕೈ ಚಾಚ್ತು, ಸಿಗ್ಲಿಲ್ಲ, ಬರೀ ಬೆರಳಲ್ಲೇ ಇಟ್ಕೊಂತು. ತಪ್ಪು ಯಾರ್ದು?"

"ಮದುವೆ ಮನೇಲೂ ಹಂಗೇನಾ?"

"ಮದುವೆ ಮನೇಲಿ ಎಲೆ ಪಕ್ಕ ವಿಭೂತಿ ಇಟ್ಟಿದ್ರೇನಪ್ಪ ನಿಮ್ಮ ಬೀಗರು? ಉಪ್ಪಿಗೇ ಮೂರು ಸಲ ಕೂಗಿದ್ದೀನಿ ನಾನು ಅಲ್ಲಿ."

ಅಪ್ಪ ಬಂದ ನಗುವನ್ನು ಕೆಮ್ಮು ಮಾಡಿಕೊಂಡರು. ಅಜ್ಜಿ ಬಿಡಲಿಲ್ಲ.

"ನೀನು ಇವಳ ವಯಸ್ಸಲ್ಲಿ ಹಣೆಗೆ ಇಡೋದು ಮರ್ತು ಹೊಟ್ಟೆಗೆ ಬಳ್ಕೋತಿದ್ದೆ. ಊಟ ಹೊಟ್ಟೆಗೆ ತಾನೇ ಹೋಗೋದು ಅಂತಿದ್ದೆ. ನಿನ್ನ ನಾವು ಯಾವ ಊರಿಗೆ ಕಳಿಸಿದ್ವಪ್ಪ?"

ದೊಡ್ಡಪ್ಪನ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಇನ್ನೊಂದು ಗಂಡಾಂತರ ಬಂತು. ಕುಮುದ ನನ್ನ ಜೊತೆ ದಿನವೂ ಗೊಂಬೆಗಳನ್ನು ಸಾಲಾಗಿ ಕೂರಿಸಿಕೊಂಡು ಶಾಲೆ ಆಟ ಆಡುವವಳು, ಗೊಂಬೆಗಳಿಗೂ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿಸುವವಳು. ಅಕ್ಕನ ಕೈ ಓಡಾಡಿದ್ದನ್ನು ನೋಡಿ, ತನ್ನ ಸರದಿ ಬಂತೆಂದು ಎರಡು ಕೈ ಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿದಳು. "ಆ..." ಎಂದಳು. ಮುಂದಿನದು ಏನೆಂದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು. ಅಮ್ಮ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದೇಬಿಟ್ಟಳು. ಅಜ್ಜಿಯ ಕೈ ಅದಕ್ಕಿಂತ ಬೇಗ. ಒಬ್ಬಟ್ಟಿನ ಒಂದು ಚೂರು ಮುರಿದು, ಕುಮುದಳ ಕರಡಿಗೆಗೆ ತೋರಿಸಿ, ತೆರೆದ ಬಾಯಿಗೆ ಇಟ್ಟಳು.

"ಹಾಂ, ಹಂಗೇ. ಆ ಅನ್ನು ಚಿನ್ನ. ಹಸಿದುಬುಟ್ಟಿದೆ ಮಗು."

ಕುಮುದ ಕಣ್ಣು ಬಿಟ್ಟು, ಬಾಯಿ ತುಂಬ ಒಬ್ಬಟ್ಟು ಅಗಿಯುತ್ತ, ಪ್ರಾರ್ಥನೆ ಇಷ್ಟು ಬೇಗ ಫಲ ಕೊಟ್ಟಿದ್ದಕ್ಕೆ ಬೆರಗಾಗಿ ಎಲ್ಲರನ್ನೂ ನೋಡಿದಳು.

"ಶಶಿ, ಮಾತು ಹೇಳು ಕೂಸೆ. ಅನ್ನ ಆರ್ತಾ ಅದೆ" ಎಂದಳು ಅಜ್ಜಿ.

ನಾನು ಕಣ್ಣು ಮುಚ್ಚಿ ಹೇಳಿದೆ. ಕೊಟ್ಟೋನು ನೀನು, ಮೊದಲು ನೀನುಣ್ಣು, ಉಳಿದದ್ದು ನನಗಿರಲಿ. ತುತ್ತನ್ನು ಕರಡಿಗೆಗೆ ತೋರಿಸಿ ಬಾಯಿಗಿಟ್ಟೆ. ದೊಡ್ಡಪ್ಪ ತಮ್ಮ ಪ್ರಾರ್ಥನೆ ಮುಗಿಸಿ ಊಟಕ್ಕೆ ಕೈ ಹಾಕಿದರು. ಸಾರು ಬೇಕೇ, ತುಪ್ಪ ಬೇಕೇ ಎಂದು ಅಮ್ಮ ಕೇಳುವಳು, ದೊಡ್ಡಪ್ಪ ಕೈಯಲ್ಲೇ ಸಾಕೆನ್ನುವರು. ಕೊನೆಗೆ ತಟ್ಟೆಗೆ ನೀರು ಹಾಕಿ ತೊಳೆದು, ಆ ನೀರನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದರು. ಟವೆಲಿನಿಂದ ಬಾಯಿ ಒರೆಸಿಕೊಂಡು ಅಜ್ಜಿಯ ಕಡೆ ತಿರುಗಿದರು.

"ಅವ್ವ, ನೀನು ಇಲ್ಲದ್ದನ್ನ ಹೇಳೋಳಲ್ಲ. ಬೀಗರಿಗೆ ನಾನು ಹಂಗೇ ಹೇಳ್ತೀನಿ."

"ಹೇಳು" ಎಂದಳು ಅಜ್ಜಿ.

"ಇವಳು ಇಲ್ಲೇ ಓದ್ಲಿ. ಆದ್ರೆ ನೀನು ಪಕ್ಕದಲ್ಲಿ ಕೂತ್ಕೋಬೇಕು, ದಿನಾ."

"ಎಲ್ಲಿಗ್ ಹೋಗ್ತೀನಿ ನಾನು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆಲೇ ಜೋರಾಯಿತು. ನಾನು ಹೋಗಿ ನೋಡಿದರೆ ಅಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತು, ಖಾಲಿ ಪಾತ್ರೆಯೊಂದನ್ನು ಸೌಟಿನಿಂದ ತಿರುವುತ್ತಿದ್ದಳು.

ಸಾಯಂಕಾಲದ ಬಸ್ಸಿಗೆ ದೊಡ್ಡಪ್ಪ ಹೊರಟರು. ಅಪ್ಪ ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದರು. ಬೆಟ್ಟದ ಮೇಲೆ ದೀಪಗಳು ಒಂದೊಂದೇ ಹೊತ್ತುವ ಹೊತ್ತಿಗೆ ಅಜ್ಜಿ ದೇವರ ದೀಪ ಹಚ್ಚಲು ಎದ್ದಳು. ನಾನು ಹಿಂದೆಯೇ ಹೋದೆ. ಹಿತ್ತಾಳೆ ತಟ್ಟೆ ದೇವರ ಮಂಟಪದ ಹಿಂದೆ ಗೋಡೆಗೆ ಒರಗಿಕೊಂಡು ನಿಂತಿತ್ತು. ಅಜ್ಜಿ ಸೀರೆಯ ಮಡಿಲಿಗೆ ಕೈ ಹಾಕಿ ವಿಭೂತಿ ಗಟ್ಟಿ ತೆಗೆದು ತಟ್ಟೆಯ ಮೇಲಿಟ್ಟಳು. ಹಸಿರು ಸೀರೆಯ ಸೊಂಟದ ಹತ್ತಿರ ಅಂಗೈಯಗಲ ಬಿಳಿ ಮೆತ್ತಿಕೊಂಡಿತ್ತು.

"ಮರ್ತೆ ಅಂದ್ರಲ್ಲ ಅಜ್ಜಿ?"

"ಹೂಂ ಕಣೆ. ಇಲ್ಲಿ ಇಟ್ಕೊಂಡು ಮರ್ತೆ."

ಅಷ್ಟು ಹೇಳಿ, ಬೆರಳಿಗಂಟಿದ್ದ ವಿಭೂತಿಯನ್ನು ನನ್ನ ಹಣೆಗೆ, ಎದೆಗೆ, ತೋಳಿಗೆ ಇಟ್ಟಳು. ಅವಳ ಮುಖ ಯಾವತ್ತಿನಂತೆಯೇ ಗಟ್ಟಿಯಾಗಿತ್ತು, ಅಲ್ಲಿ ಏನನ್ನೂ ಓದುವ ಹಾಗಿರಲಿಲ್ಲ. ವಯಸ್ಸಾಗಿದೆ, ನಿಜವಾಗಿಯೂ ಮರೆತಿರಬೇಕು ಎಂದೇ ಅಮ್ಮ ಇನ್ನೂ ನಂಬಿದ್ದಳು. "ದೇವರು ದೊಡ್ಡೋನು, ನಿಮ್ಮಜ್ಜಿಗೆ ಇವತ್ತೇ ಮರೆವು ಬಂತು" ಎನ್ನುತ್ತ, ನಾನು ಹಿತ್ತಲಿಗೆ ಹೋದಾಗ ಪಾತ್ರೆ ತೊಳೆಯುತ್ತಲೇ ನನ್ನ 'ಡೋರ್', 'ವಿಂಡೋ'ಗಳನ್ನು ಮತ್ತೆ ಕೇಳಲು ಶುರುಮಾಡಿದಳು.

ಆಗ ಕಾಂಪೌಂಡ್ ಗೋಡೆಯ ಆಚೆ ಸರೋಜಮ್ಮನ ತಲೆ ಕಂಡಿತು. ಅವರ ಮಗಳೂ ನಮ್ಮ ಶಾಲೆಯವಳೇ, ಮೇಲಿನ ಕ್ಲಾಸು. ಅವಳಿಗೆ ಸರೋಜಮ್ಮ ಪ್ರತಿದಿನ ಮಧ್ಯಾಹ್ನ ಬಿಸಿ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮ ಕರಿಬೇವಿನ ಗಿಡ ಅವರ ಕಡೆಗೂ ಬಾಗಿತ್ತು, ಆದರೂ ಕೇಳಿಯೇ ಕೀಳುತ್ತಿದ್ದರು.

"ಪಾರ್ವತಮ್ಮ, ಒಂದೆರಡು ಎಸಳು ಕಿತ್ಕೊಳ್ಲಾ?"

"ಕಿತ್ಕೊಳ್ಳಿ, ಅದಕ್ಕೇನು ಕೇಳ್ತೀರಾ" ಎಂದಳು ಅಮ್ಮ.

"ಬಂದು ಹೋದ್ರಾ ನಿಮ್ಮ ಭಾವನೋರು? ಆಯ್ತು ಬುಡಿ. ಅಂದ್ಹಾಗೆ, ನಿಮ್ಮತ್ತೆಯೋರ ಅಂಗಾಲು ವಾಸಿ ಆಯ್ತಾ? ಶುಕ್ರವಾರ ಕ್ಯಾರಿಯರ್ ಕೊಡೋಕೆ ಹೋದಾಗ ನೋಡ್ದೆ ಕಣ್ರೀ. ಕಾನ್ವೆಂಟ್ ಗೇಟಿಂದ ಆಚೆ, ಆ ಸುಡೋ ಬಿಸ್ಲಲ್ಲಿ, ಚಪ್ಪಲೀನ ಪಕ್ಕಕ್ಕೆ ಬಿಟ್ಟು ನಿಂತವ್ರೆ. ಏನಜ್ಜಿ ಇಲ್ಲಿ ಅಂತ ಮಾತಾಡ್ಸೋಕೆ ಹೋದ್ರೆ, ಬಾಯಿ ಮೇಲೆ ಬೆರಳಿಟ್ಟು, 'ಶ್, ಮಕ್ಕಳು ಊಟಕ್ಕೆ ಮುಂಚೆ ಬೇಡ್ಕೋತಾವೆ, ಮುಗೀಲಿ ತಾಳಮ್ಮ' ಅಂದುಬುಟ್ರು. ಇಷ್ಟು ಸಾಕು ಬುಡಿ ಪಾರ್ವತಮ್ಮ, ಒಗ್ಗರಣೆಗಷ್ಟೇ."